ಕರಿ ನಾಲ್ಕು, ಸರಿ ನಾಲ್ಕು

ಟೇಪಿನಿಂದ ಬರುವ 'ಸ್ಸ್' ಎನ್ನುವ ಸದ್ದನ್ನು ಓಡಿಸುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಜಯನಗರ ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ ಕ್ಯಾಸೆಟ್ ಮಾರುತ್ತಿದ್ದಾಗ ಗಿರಾಕಿಗಳ ದೂರು ಒಂದೇ ಆಗಿತ್ತು: "ಏನ್ ಸ್ವಾಮಿ, ಹಾಡಿಗಿಂತ ಕುಕ್ಕರ್ ಸದ್ದೇ ಜಾಸ್ತಿ ಕೇಳುತ್ತಲ್ಲ." ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಟೇಪ್ ರೆಕಾರ್ಡರಿನ ಹೆಡ್ ಒರೆಸಿದ್ದೇನೆ, ವೈರಿಂಗ್ ಬದಲಾಯಿಸಿದ್ದೇನೆ, ಕೊನೆಗೆ ಒಳ್ಳೆಯ ಕ್ಯಾಸೆಟ್ಟುಗಳನ್ನು ಮಾತ್ರ ಕೊಳ್ಳುವುದನ್ನು ಕಲಿತಿದ್ದೇನೆ. ಈಗ ಅದೇ ಸದ್ದನ್ನು ಡಬ್ಬಿಗೆ ತುಂಬಿ, ಇಂಗ್ಲಿಷಿನಲ್ಲಿ ಚೆಂದದ ಹೆಸರಿಟ್ಟು, ಕಂಪ್ಯೂಟರಿನೊಳಗೆ ಮಾರುತ್ತಿದ್ದಾರೆ. ಹಾಡು ಶುದ್ಧವಾಗಿದ್ದರೆ ಸಾಲದಂತೆ. ಅದರ ಮೇಲೆ ಹಳೇ ಟೇಪಿನ ಧೂಳು ಉದುರಿಸಬೇಕಂತೆ. ಕೊಳ್ಳುವವರೂ ಇದ್ದಾರೆ. ಅಂಥವನೊಬ್ಬ ನನ್ನ ಅಂಗಡಿಯ ಮೇಲ್ಮಹಡಿಯಲ್ಲೇ ಕೂತಿದ್ದಾನೆ.

ನನ್ನದು ವಾದ್ಯಗಳ ಅಂಗಡಿ. ಬನಶಂಕರಿ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರ, ಕನಕಪುರ ರಸ್ತೆಯ ಮೆಟ್ರೋ ಹೋದಾಗಲೆಲ್ಲ ಗಾಜಿನ ಕಪಾಟು ಸಣ್ಣಗೆ ಗುಂಯ್‌ಗುಡುವಷ್ಟು ಹತ್ತಿರ. ಹಾರ್ಮೋನಿಯಂ, ತಬಲ, ಶ್ರುತಿಪೆಟ್ಟಿಗೆ, ಕೀಬೋರ್ಡು, ಗಿಟಾರಿನ ತಂತಿ, ಕೇಬಲ್ಲು, ಎಲ್ಲ ಇದೆ. ಸಂಗೀತವನ್ನು ನಾನು ಯಾರ ಹತ್ತಿರವೂ ಕಲಿತವನಲ್ಲ. ಚೌಕಾಸಿ ಮಾಡುತ್ತ ಮಾಡುತ್ತ ಕಿವಿ ಪಳಗಿಸಿಕೊಂಡವನು. ಈ ವ್ಯಾಪಾರಕ್ಕೆ ಬರುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ, ಫ್ರೀ. ಹಳೇ ಹಾರ್ಮೋನಿಯಂ ಎದುರಿಗೆ ಬಂದಾಗ ಬೆಲೆ ಕೇಳಬೇಡಿ. ಒಂದು ಕೀಲಿ ಹಿಡಿದುಕೊಂಡು ತಿದಿ ಒತ್ತುತ್ತಾ ಇರಿ, ಬಾಯಿ ಬಿಡಬೇಡಿ. ಆ ಮೌನವನ್ನು ತಡೆದುಕೊಳ್ಳಲಾರದೆ ಎದುರಿಗಿರುವವನೇ ಬೆಲೆ ಇಳಿಸುತ್ತಾ ಬರುತ್ತಾನೆ. ಈ ಒಂದು ವಿದ್ಯೆಯಿಂದ ಮನೆ ಕಟ್ಟಿದ್ದೇನೆ.

ಮೇಲ್ಮಹಡಿಯಲ್ಲಿ ಒಂದು ರೆಕಾರ್ಡಿಂಗ್ ಕೋಣೆ ಮಾಡಿಸಿ, ನಡೆಸಲು ಒಬ್ಬ ಹುಡುಗನಿಗೆ ಪಾಲಿನ ಮೇಲೆ ಕೊಟ್ಟಿದ್ದೇನೆ. ಹುಡುಗ ಎಂದರೆ ಮೂವತ್ತು ದಾಟಿದವನು. ಜಯನಗರದಲ್ಲಿ ತಾತ ಕಟ್ಟಿಸಿದ ಮನೆ, ಇಂಜಿನಿಯರಿಂಗ್ ಮುಗಿಸಿ ಅದಕ್ಕೆ ಕೈಮುಗಿದವನು, ಈಗ 'ಮ್ಯೂಸಿಕ್ ಪ್ರೊಡ್ಯೂಸರ್'. ಬಿಟಿಎಂನಿಂದ ಜೆಪಿ ನಗರದವರೆಗೆ ಗೋಡೆಗೆ ಸ್ಪಂಜು ಅಂಟಿಸಿಕೊಂಡು ಕೂತವರೆಲ್ಲ ಈಗ ಪ್ರೊಡ್ಯೂಸರುಗಳೇ. ನಮ್ಮವನು ಮನುಷ್ಯ ಕೆಟ್ಟವನಲ್ಲ. ನನಗೆ ಆಗದಿರುವುದು ಅವನ ಕಂಪ್ಯೂಟರಿನೊಳಗೆ ನೆರೆದಿರುವ ಸಂತೆ.

ಆ ಸಂತೆಗೆ ಪ್ಲಗಿನ್ ಎಂದು ಹೆಸರು. ಹಾಡು ಜೋಡಿಸುವ ಸಾಫ್ಟ್‌ವೇರಿನೊಳಗೆ ಸಿಕ್ಕಿಸುವ ಸಾಮಾನು. ಕೆಲವು ವಾದ್ಯಗಳಾಗಿ ನುಡಿಯುತ್ತವೆ: ಕೀಬೋರ್ಡು ಒತ್ತಿದರೆ ಕೊಳಲು, ಸಿತಾರ್, ತಬಲ. ಉಳಿದವು ಇರುವ ಸದ್ದನ್ನು ತಿರುಚುತ್ತವೆ: ದಪ್ಪ ಮಾಡುವುದು, ಹೊಳಪು ಕೊಡುವುದು, ಮೊಳಗಿಸುವುದು, ತಪ್ಪು ಸ್ವರವನ್ನು ಎಳೆದು ಸರಿಯಾದ ಜಾಗಕ್ಕೆ ಕೂರಿಸುವುದು. ಮೊದಲ ಸಲ ಅವನ ಪರದೆ ನೋಡಿದಾಗ ನಾನು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದ್ದೆ.

"ಇದೇನಪ್ಪ, ಕಂಪ್ಯೂಟರ್ ಒಳಗೆ ನಾಲ್ಕು ಮೂಲೆಗೂ ಸ್ಕ್ರೂ ಹೊಡೆದಿದಾರೆ?"

"ವಿಂಟೇಜ್ ಅಂಕಲ್. ಒರಿಜಿನಲ್ ಮೆಷಿನ್ ಹಿಂಗೇ ಇತ್ತಂತೆ."

"ತುಕ್ಕೂ ಬರೆದಿದಾರಲ್ಲೋ."

"ಫೀಲ್ ಬರ್ಬೇಕಲ್ವಾ."

"ಕೆಳಗೆ ಗೋಡೌನಲ್ಲಿ ತುಕ್ಕು ಹಿಡಿದಿರೋ ಆಂಪ್ಲಿಫೈಯರ್ ಬಿದ್ದಿದೆ. ತಗೊಂಡ್ ಹೋಗು, ಫೀಲ್ ಸಮೇತ ಕೊಡ್ತೀನಿ. ಒಳಗೆ ಜಿರಳೇನೂ ಒರಿಜಿನಲ್ಲೇ."

ಅವನು ನಕ್ಕ. ನನಗೆ ನಗು ಬರಲಿಲ್ಲ. ಬೆರಳಿನಿಂದ ತಿರುಗಿಸುವ ಗುಬುಟು ಮೇಜಿನ ಮೇಲಿದ್ದಾಗ ಅದನ್ನು ಹಳತೆಂದು ಎಸೆದವರು, ಈಗ ಅದರ ಚಿತ್ರ ಬರೆದು ಮೌಸ್ ಎಂಬ ಇಲಿಯ ಬಾಲ ಹಿಡಿದುಕೊಂಡು ತಿರುಗಿಸುತ್ತಿದ್ದಾರೆ.

ಇವುಗಳ ವ್ಯಾಪಾರವನ್ನಂತೂ ಕೇಳಲೇಬೇಡಿ. ಹಬ್ಬ ಬರಲಿ ಬಿಡಲಿ, ಅವನ ಮೊಬೈಲಿಗೆ ಟಿಂಗ್ ಎಂದು ಮೆಸೇಜು: ಇವತ್ತು ಮಾತ್ರ, ಎಂಬತ್ತು ಪರ್ಸೆಂಟ್ ಕಡಿಮೆ. ಇವನ ಕಣ್ಣು ಹೊಳೆಯುತ್ತದೆ. ನಾನು ಹೇಳಿದ್ದೇನೆ, ನಿಮಗೂ ಹೇಳುತ್ತೇನೆ: ಕೇಳುವ ಮೊದಲೇ ಎಂಬತ್ತು ಬಿಟ್ಟುಕೊಟ್ಟವನು ತನ್ನ ಸಾಮಾನಿನ ಯೋಗ್ಯತೆಯನ್ನು ತಾನೇ ಒಪ್ಪಿಕೊಂಡಿದ್ದಾನೆ, ಇನ್ನುಳಿದ ಇಪ್ಪತ್ತರ ಬಗ್ಗೆ ಮಾತಾಡುವುದು ನಿಮ್ಮ ಕೆಲಸ. ಆದರೆ ಪರದೆಯ ಜೊತೆ ಹೇಗೆ ಮಾತಾಡುತ್ತೀರಿ? ಸಾರಕ್ಕಿ ಮಾರ್ಕೆಟ್ಟಿನಲ್ಲಿ ಒಂದು ಕಟ್ಟು ಕೊತ್ತಂಬರಿಗೆ ಎರಡು ಮಾತಾದರೂ ಆಡುತ್ತೇವೆ. ಇಲ್ಲಿ ಗುಂಡಿ ಒತ್ತು, ಕೊಡು, ಸುಮ್ಮನಿರು. ಚೌಕಾಸಿಯಿಲ್ಲದೆ ಕೊಂಡ ಸಾಮಾನಿನ ಗುಣ ಯಾರಿಗೂ ಗೊತ್ತಾಗುವುದಿಲ್ಲ. ಅವನು ಕೊಂಡದ್ದರಲ್ಲಿ ಮುಕ್ಕಾಲು ಪಾಲನ್ನು ಒಮ್ಮೆಯೂ ತೆರೆದು ನೋಡಿಲ್ಲ ಎಂದು ಅವನೇ ಹೇಳಿದ್ದು.

ಮೊಳಗಿಸುವ ಪ್ಲಗಿನ್ನಿನಲ್ಲಿ, ಅವನ ಬಾಯಲ್ಲಿ ರಿವರ್ಬ್, ಹಾಡು ಎಲ್ಲಿ ಮೊಳಗಿದಂತೆ ಕೇಳಬೇಕೆಂದು ಮೊದಲೇ ತಯಾರಿಟ್ಟ ಕೋಣೆಗಳ ಪಟ್ಟಿ ಇತ್ತು. ಒಂದು ಸಲ ಬನಶಂಕರಿ ಅಮ್ಮನ ಹಾಡಿಗೆ ಅವನು ಹಾಕಿದ್ದನ್ನು ನೋಡಿದೆ: ಯಾವುದೋ ದೇಶದ ಚರ್ಚು.

"ಅಮ್ಮನ್ನ ಚರ್ಚಲ್ಲಿ ಕೂರಿಸಿದ್ಯಲ್ಲೋ. ಕತ್ರಿಗುಪ್ಪೆ ಕಲ್ಯಾಣ ಮಂಟಪ ಅಂತ ಇಲ್ವಾ ಅದ್ರಲ್ಲಿ?"

"ಇರಲ್ಲ ಅಂಕಲ್."

"ಊಟದ ಹಾಲಾದ್ರೂ ಇದ್ಯಾ ನೋಡು."

ಇಷ್ಟು ದಿನ ಇವೆಲ್ಲ ನಮ್ಮಿಬ್ಬರ ತಮಾಷೆಯಾಗಿದ್ದವು. ಅವನು ಆಟ ಆಡುತ್ತಿದ್ದ, ನಾನು ಅಣಕಿಸುತ್ತಿದ್ದೆ, ಬಂದವರು ಹಾಡಿ ಹೋಗುತ್ತಿದ್ದರು. ಆ ಹೆಂಗಸು ಬಂದ ಮೇಲೆ ತಮಾಷೆ ನಿಂತಿತು.

ಅವಳು ವಿಜಯಪುರದ ಕಡೆಯವಳು. ಗಂಡನೊಂದಿಗೆ ಬಿಟಿಎಂನಲ್ಲಿ ಬಾಡಿಗೆ ಮನೆ; ಅಲ್ಲೇ ರಕ್ತ ಪರೀಕ್ಷೆ ಮಾಡುವ ಲ್ಯಾಬೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ. ದಪ್ಪ ಗಾಜಿನ ಹಿಂದೆ ಕೂತು ಬೆಳಗಿನಿಂದ ಸಂಜೆಯವರೆಗೆ ಟೋಕನ್ ನಂಬರು ಕೂಗಬೇಕು. ಊರಿನಲ್ಲಿ ಪದ್ಧತಿಯಾಗಿ ಹಿಂದೂಸ್ತಾನಿ ಕಲಿತವಳು. ಕೂಗಿ ಕೂಗಿ ಗಂಟಲಲ್ಲಿ ಸಣ್ಣ ಗಂಟು ಏಳಲು ಶುರುವಾಗಿತ್ತು. ಡಾಕ್ಟರು ಖಡಾಖಂಡಿತ ಹೇಳಿದ್ದರಂತೆ: ಕೌಂಟರ್ ಬಿಡಬೇಕು, ಇಲ್ಲ ಹಾಡು ಬಿಡಬೇಕು, ಎರಡೂ ನಡೆಯುವುದಿಲ್ಲ. ಅಷ್ಟರಲ್ಲಿ ಜೆಪಿ ನಗರದ ಶಾಲೆಯೊಂದು ಸಂಗೀತದ ಟೀಚರ್ ಬೇಕೆಂದು ಕರೆದಿತ್ತು. ಹಿನ್ನೆಲೆ ಸಂಗೀತದ ಸಮೇತ ಒಂದು ಹಾಡು ರೆಕಾರ್ಡ್ ಮಾಡಿ ಸೋಮವಾರದೊಳಗೆ ಕಳಿಸಬೇಕು. ಕೇಳಿ ಹಿಡಿಸಿದವರನ್ನು ಮಾತ್ರ ಸಂದರ್ಶನಕ್ಕೆ ಕರೆಯುತ್ತಾರೆ. ಆ ಕೆಲಸ ಸಿಕ್ಕರೆ ಗಂಟಲು ಉಳಿಯಿತು. ಸಿಗದಿದ್ದರೆ ಮನೆ ಬಾಡಿಗೆಗಾಗಿ ಕೌಂಟರ್ ಉಳಿಸಿಕೊಳ್ಳಬೇಕು, ಹಾಡು ಹೋಯಿತು.

ಇದನ್ನೆಲ್ಲ ಅವಳು ಹೇಳಿದ್ದು ಆಮೇಲೆ. ಮೊದಲು ಬಂದದ್ದು ಫೋನು. ಬುಕಿಂಗ್ ಫೋನುಗಳನ್ನು ಹುಡುಗ ಸ್ಪೀಕರಿಗೆ ಹಾಕಿಕೊಂಡು ಮಾತಾಡುತ್ತಾನೆ, ಕೈಯಲ್ಲಿ ಮೌಸ್ ಇರಬೇಕಲ್ಲ. ಆವತ್ತು ಅಂಗಡಿಯಲ್ಲೇ ಕಾಫಿ ಕುಡಿಯುತ್ತ ಕೂತಿದ್ದ. ಆ ಕಡೆ ಕೌಂಟರಿನ ಗಲಾಟೆ: ಯಾರೋ ಹಿಂದಿಯಲ್ಲಿ ರಿಪೋರ್ಟ್ ಕೇಳುತ್ತಿದ್ದರು, ಒಂದು ಮಗು ಅಳುತ್ತಿತ್ತು.

"ಟ್ರ್ಯಾಕ್ ನಾನ್ ರೆಡಿ ಮಾಡಿಟ್ಟಿರ್ತೀನಿ ಮೇಡಂ. ನಿಮ್ ಶ್ರುತಿ ಎಷ್ಟು ಹೇಳಿ."

"ಕರಿ ನಾಕ ರೀ ಸರ."

"ಓಕೆ ಮೇಡಂ, ನಾಲ್ಕು. ಡನ್."

ಅವನಿಗೆ ಕೇಳಿಸಿದ್ದೇ ನನಗೂ ಕೇಳಿಸಿತ್ತು: 'ಸರಿ, ನಾಕು ರೀ ಸಾರ್.' ಒಪ್ಪಿಕೊಂಡು ಹೇಳಿದ ಹಾಗೆ. ಯಾರಿಗೆ ತಾನೇ ಅನುಮಾನ ಬರುತ್ತದೆ?

ಹುಡುಗ ನಾಲ್ಕಕ್ಕೆ ಟ್ರ್ಯಾಕ್, ಎಂದರೆ ಹಿನ್ನೆಲೆ ಸಂಗೀತ, ಕಟ್ಟಿದ. ಅವಳು ಹಾಡಬೇಕೆಂದಿದ್ದದ್ದು ಒಂದು ವಚನ, ಭೀಮಪಲಾಸ ರಾಗದಲ್ಲಿ. ವಚನಕ್ಕೆ ಏನು ಬೇಕು? ಒಂದು ತಂಬೂರಿ, ಬೇಕಿದ್ದರೆ ಒಂದು ತಬಲ. ಇವನು ಭಾರತದ ವಾದ್ಯಗಳನ್ನೆಲ್ಲ ಒಂದೇ ಮೂಟೆಗೆ ಕಟ್ಟಿದ ಪ್ಲಗಿನ್ ತೆರೆದು ಅರ್ಧ ದಿಬ್ಬಣ ಹೊರಡಿಸಿದ. ಉಸಿರೇ ಎಳೆದುಕೊಳ್ಳದ ಕೊಳಲು. ಅಂಗೈ ಬೆವರದ ತಬಲ. ಬೆರಳು ಸವೆಯದ ಸಿತಾರ್. ಹಿಂದೆ ಮೋಡ ಕವಿದ ಹಾಗೆ ಪಿಟೀಲುಗಳು, ನಡುವೆ ಎಲ್ಲೋ ಒಂದು 'ಓಂ'. ಕೊಳಲಂತೂ ಯಾರೋ ಎಲ್ಲೋ ಊದಿಟ್ಟ ಸಿದ್ಧ ತುಣುಕು. ಇಡ್ಲಿ ಹಿಟ್ಟಿನ ಪ್ಯಾಕೆಟ್ಟಿನಂತೆ ಕತ್ತರಿಸಿ ಸುರಿದರೆ ಆಯಿತು. "ಸಖತ್ತಾಗಿದೆ ಅಲ್ವಾ ಅಂಕಲ್?" ಎಂದ. ಸೀರೆ ಅಂಗಡಿಯ ಜಾಹೀರಾತಿಗೆ ಆಗುತ್ತದೆ ಎಂದೆ. ಹೊಗಳಿಕೆ ಎಂದುಕೊಂಡ.

ಶನಿವಾರ ಮಧ್ಯಾಹ್ನ ಅವಳು ಬಂದಳು, ಕೌಂಟರಿನ ಸಮವಸ್ತ್ರದಲ್ಲೇ, ಕೊರಳಿಗೆ ಒಂದು ದುಪಟ್ಟಾ ಸುತ್ತಿಕೊಂಡು. ನನಗೆ ನಮಸ್ಕಾರ ಹೇಳಿ ಮೇಲೆ ಹೋದಳು. ನಾನು ಗಿರಾಕಿಯೊಬ್ಬನಿಗೆ ತಬಲ ತೋರಿಸುತ್ತಿದ್ದೆ. ಮೇಲಿನಿಂದ ಕೇಳಿದ ದನಿ, ಹಾಡುವವರ ದನಿಯಾಗಿರಲಿಲ್ಲ. ಬಾವಿಯ ತಳದಿಂದ ಯಾರೋ ಕೊಡ ಬಿತ್ತೆಂದು ಹೇಳುತ್ತಿದ್ದಂತಿತ್ತು. ತಬಲದವನನ್ನು ಕಳಿಸಿ ಮೇಲೆ ಹೋದೆ.

"ಸರ, ಇದು ಭಾಳ ಕೆಳಗ ಆಗಾಕತ್ತೇತ್ರಿ," ಎನ್ನುತ್ತಿದ್ದಳು.

"ನೀವೇ ಹೇಳಿದ್ದಲ್ವಾ ಮೇಡಂ, ನಾಲ್ಕು ಅಂತ?"

"ಹೌದ್ರಿ, ನಾಕ."

"ಇದೂ ನಾಲ್ಕೇ ಮೇಡಂ. ನೋಡಿ, ಸ್ಕ್ರೀನಲ್ಲೇ ಇದೆ."

ಅವಳು ಪರದೆ ನೋಡಿದಳು. ಬಣ್ಣದ ಗೆರೆಗಳು, ಅಂಕಿಗಳು, ಮೂಲೆಮೂಲೆಗೆ ಸ್ಕ್ರೂಗಳು. ಅಷ್ಟೊಂದು ಯಂತ್ರ ಹೇಳುತ್ತಿರುವಾಗ ತಪ್ಪು ತನ್ನ ಗಂಟಲಿನದೇ ಇರಬೇಕು ಎಂದುಕೊಂಡಳು. ಮುಖ ಬಾಡಿಹೋಯಿತು. "ಗಂಟಲ ಹೋಗೇತೇನೋ ಬಿಡ್ರಿ," ಎಂದು ಮೆಲ್ಲಗೆ ಅಂದಳು. ಪ್ಲಗಿನ್ನುಗಳ ಮೇಲೆ ನನಗಿರುವ ಸಿಟ್ಟಿನಲ್ಲಿ ಅರ್ಧ ಆ ಮಾತಿನಿಂದ ಬಂದದ್ದು. ಚಿತ್ರ ಬರೆದ ಗುಬುಟುಗಳ ಎದುರು ಒಬ್ಬ ಕಲಿತ ಹೆಂಗಸು ತನ್ನ ಕಂಠದ ಮೇಲೇ ಸಂಶಯಪಡುವುದೆಂದರೇನು?

ಹುಡುಗನಿಗೆ ಇದೊಂದು ಹಬ್ಬ. ತೊಂದರೆ ಬಂದರೆ ತಾನೇ ಪ್ಲಗಿನ್ ತೆರೆಯುವುದು? "ಡೋಂಟ್ ವರಿ ಮೇಡಂ, ನಿಮಗೆ ಹೆಂಗ್ ಬರುತ್ತೋ ಹಂಗ್ ಹಾಡಿ, ಆಮೇಲೆ ನಾನ್ ಇಳಿಸ್ತೀನಿ," ಎಂದ. ಅವಳು ಟ್ರ್ಯಾಕ್ ಕೇಳದೆ, ತನ್ನ ಎತ್ತರದಲ್ಲೇ, ಬರಿಯ ಕಂಠದಲ್ಲಿ ಹಾಡಿದಳು. ಆಗ ಒಂದು ಕ್ಷಣ ನಿಜವಾದ ದನಿ ಕೇಳಿತು. ಕೆಳಗೆ ರಸ್ತೆಯಲ್ಲಿ ಹೂವಿನ ಗಾಡಿಯವನು ತಲೆಯೆತ್ತಿ ನೋಡಿದ. ಹುಡುಗ ಆ ದನಿಯನ್ನು ಹಿಡಿದು ಮೂರು ಸ್ವರಸ್ಥಾನ ಕೆಳಕ್ಕೆ ಜಗ್ಗಿದ. ಸ್ಪೀಕರಿನಿಂದ ಬಂದವನು ನಡುವಯಸ್ಸಿನ ಒಬ್ಬ ಗಂಡಸು.

"ಅಯ್ಯ, ಇದು ನಮ್ಮ ಮಾವಾರ ದನಿ ಆತಲ್ರೀ," ಎಂದಳು.

ಅದನ್ನು ಸರಿಮಾಡಲು ಇನ್ನೊಂದು ಪ್ಲಗಿನ್. ಮಾವನವರಿಗೆ ಈಗ ನೆಗಡಿಯಾಯಿತು. ಅದರ ಮೇಲೆ ಸ್ವರ ತಿದ್ದುವ ಪ್ಲಗಿನ್. ಭೀಮಪಲಾಸದಲ್ಲಿ ಮಧ್ಯಮದಿಂದ ಗಾಂಧಾರಕ್ಕೆ ದನಿ ಜಾರಿಕೊಂಡು ಬರುತ್ತದೆ, ರಾಗದ ಜೀವ ಇರುವುದೇ ಆ ಜಾರಿನಲ್ಲಿ. ಪ್ಲಗಿನ್ನಿಗೆ ಜಾರುವುದೆಲ್ಲ ತಪ್ಪು. ಮಕ್ಕಳ ಜಾರುಬಂಡೆಗೆ ಉಳಿ ಹಿಡಿದು ಮೆಟ್ಟಿಲು ಕೊರೆದಂತೆ ಅದು ದನಿಯನ್ನು ಟಕ್ ಟಕ್ ಎಂದು ಇಳಿಸಿತು.

"ಅಲ್ಲೋ, ದನೀನ ಇಳಿಸೋ ಬದಲು ನಿನ್ನ ಟ್ರ್ಯಾಕನ್ನೇ ಮೇಲೆ ತಗೊಂಡ್ ಹೋಗೋಕೆ ಆಗಲ್ವಾ?" ಎಂದೆ.

"ಅದೇನ್ ದೊಡ್ದು ಅಂಕಲ್, ಒಂದ್ ಸೆಕೆಂಡ್," ಎಂದು ಎಲ್ಲವನ್ನೂ ಒಟ್ಟಿಗೆ ಹಿಡಿದು ಮೂರು ಕೀಲಿ ಮೇಲಕ್ಕೆ ತಳ್ಳಿದ. ಕೊಳಲು ಇಲಿಮರಿಯಂತೆ ಕಿರುಚಿತು. ಸಿದ್ಧ ತುಣುಕನ್ನು ಎಳೆದರೆ ಅಷ್ಟೇ. ಸಿತಾರಿನ ಕಥೆ ಅದಕ್ಕಿಂತ ಚೆನ್ನಾಗಿತ್ತು. ಆ ಪ್ಲಗಿನ್ ಸಿತಾರಿನಲ್ಲಿ ಎಡತುದಿಯ ಕೆಲವು ಕೀಲಿಗಳು ಸ್ವರಗಳಲ್ಲ, ಅಪ್ಪಣೆಗಳು: ಒಂದನ್ನು ಒತ್ತಿದರೆ ತಂತಿ ಮೀಟಬೇಕು, ಒಂದಕ್ಕೆ ಜಾರಬೇಕು, ಒಂದಕ್ಕೆ ಅದುಮಿ ಸುಮ್ಮನಾಗಬೇಕು. ಎಲ್ಲದರ ಜೊತೆ ಅಪ್ಪಣೆಗಳೂ ಮೂರು ಕೀಲಿ ಸರಿದು ಅದಲುಬದಲಾದವು. ಮೀಟಬೇಕಾದಲ್ಲಿ ಸಿತಾರ್ ಜಾರಿತು, ಜಾರಬೇಕಾದಲ್ಲಿ ಕೆಮ್ಮಿತು. ಟಿಪ್ಪಣಿಯನ್ನು ತಪ್ಪಾಗಿ ಓದಿಕೊಂಡ ಸರ್ಕಾರಿ ಕಚೇರಿ! ಇದೆಲ್ಲ ಸರಿಪಡಿಸಲು ಎಷ್ಟು ಹೊತ್ತು ಎಂದೆ. ಹೊಸ ಟ್ರ್ಯಾಕೇ ಕಟ್ಟಬೇಕು, ಸೋಮವಾರಕ್ಕಂತೂ ಆಗದು ಎಂದ.

ಅಲ್ಲಿಗೆ ನನ್ನ ಕಿವಿಗೆ ಒಂದು ಸಂಗತಿ ಬಿತ್ತು. ಮೂರು ಕೀಲಿ ಮೇಲೆ. ನಾಲ್ಕರಿಂದ, ಕಪ್ಪು ಬಿಳಿ ಸೇರಿಸಿ, ಮೂರು ಕೀಲಿ ಮೇಲೆ ಹೋದರೆ ಐದೂವರೆ. ಐದೂವರೆ ಎಂದರೆ ಹಾರ್ಮೋನಿಯಂನಲ್ಲಿ ಕಪ್ಪು ಪಟ್ಟಿ. ಎಷ್ಟನೆಯ ಕಪ್ಪು ಪಟ್ಟಿ?

"ನೋಡಮ್ಮ, ಫೋನಲ್ಲಿ ನೀನು ಹೇಳಿದ್ದು ಬರೀ ನಾಲ್ಕಾ?"

"ಅಲ್ರೀ ಅಣ್ಣಾರ, ಕರಿ ನಾಕ. ಕರಿ!"

"ಸರಿ ಅಂದ್ರಿ ಮೇಡಂ ನೀವು," ಎಂದ ಹುಡುಗ.

"ಸರಿ ಯಾಕ ಅನ್ನಲ್ರೀ, ನೀವು ಕೇಳಿದ್ದು ಶ್ರುತಿ. ಕರಿ ಅಂದೆ."

ವಿವರಿಸಿಬಿಡುತ್ತೇನೆ. ನಮ್ಮ ಬಸವನಗುಡಿ, ಜಯನಗರದ ಹಾಡುಗಾರರು ಶ್ರುತಿಯನ್ನು 'ಮನೆ' ಲೆಕ್ಕದಲ್ಲಿ ಎಣಿಸುತ್ತಾರೆ: ನಾಲ್ಕು ಮನೆ, ಐದು ಮನೆ, ನಡುವಿನ ಕಪ್ಪು ಬಂದರೆ ಐದೂವರೆ. ಹುಬ್ಬಳ್ಳಿಯಿಂದ ಆಚೆಯವರು ಬಣ್ಣದಲ್ಲಿ ಎಣಿಸುತ್ತಾರೆ: ಬಿಳಿ ಒಂದು, ಬಿಳಿ ಎರಡು, ಕಪ್ಪಿನದು ಬೇರೆ ಎಣಿಕೆ, ಕರಿ ಒಂದು, ಕರಿ ಎರಡು. ಅವರ ಕರಿ ನಾಲ್ಕು, ನಮ್ಮ ಐದೂವರೆ, ಎರಡೂ ಒಂದೇ ಪಟ್ಟಿ. ಎರಡೂ ಕಡೆಯವರಿಗೆ ಹಾರ್ಮೋನಿಯಂ ಮಾರುವ ನನ್ನ ಅಂಗಡಿಯಲ್ಲಿ ಇದು ದಿನದ ಮಾತು. ಕಪ್ಪು ಪಟ್ಟಿಯ ಮೇಲೆ ಬೆರಳಿಟ್ಟು 'ಇದಾ?' ಎಂದು ಕೇಳುವುದು ನನ್ನ ಅಭ್ಯಾಸ. ಪರದೆಯ ಮೇಲೆ ಬೆರಳಿಡುವವರಿಗೆ ಆ ಅಭ್ಯಾಸ ಇರುವುದಿಲ್ಲ. ಸ್ವರ ತಿದ್ದುವ ಪ್ಲಗಿನ್, ದನಿ ತಿದ್ದುವ ಪ್ಲಗಿನ್, ಗಂಡಸನ್ನು ಹೆಂಗಸು ಮಾಡುವ ಪ್ಲಗಿನ್ ಎಲ್ಲ ಇದ್ದವು. 'ಕರಿಯೋ ಸರಿಯೋ' ಎಂದು ತಿರುಗಿ ಕೇಳುವ ಪ್ಲಗಿನ್ ಒಂದು ಇರಲಿಲ್ಲ.

ಅವಳ ಮುಖಕ್ಕೆ ರಕ್ತ ಬಂದದ್ದನ್ನು ಕಂಡೆ. "ಹಂಗಾರ ನನ್ನ ಗಂಟಲ ಹೋಗಿಲ್ಲೇನ್ರಿ?"

"ನಿನ್ನ ಗಂಟಲಿಗೇನಾಗಿದೆ? ಹೋಗಿರೋದು ಇವನ ಕಿವಿ."

ಮರುದಿನ ಭಾನುವಾರ. ಅವಳಿಗೆ ಮಧ್ಯಾಹ್ನ ರಜೆ, ನನಗೆ ವ್ಯಾಪಾರ ಕಡಿಮೆ. ಬಾ ಎಂದೆ. ಮೇಲಿನ ಸ್ಪಂಜಿನ ಕೋಣೆಯಲ್ಲಿ ಹಾರ್ಮೋನಿಯಂ ನುಡಿಸಿದರೆ ದಿಂಬಿನೊಳಗೆ ಸೀನಿದ ಹಾಗೆ ಕೇಳುತ್ತದೆ. ಅದಕ್ಕೆ ಅಂಗಡಿಯಲ್ಲೇ, ತಬಲದ ಗವಸು, ರಟ್ಟಿನ ಪೆಟ್ಟಿಗೆಗಳ ನಡುವೆ ಚಾಪೆ ಹಾಸಿದೆ. ನನ್ನ ಅಂಗಡಿಯ ಒಳ್ಳೆಯ ಪೇಟಿಯೊಂದನ್ನು ಅವಳ ಮುಂದಿಟ್ಟೆ. ಪೇಟಿ ಎಂದರೆ ಹಾರ್ಮೋನಿಯಂ, ಅವಳ ಮಾತಿನಲ್ಲಿ. ಒಂದೇ ಒಂದು ಮೈಕು. ಹುಡುಗ ಮುನಿಸಿಕೊಂಡೇ ಬಂದ. ಆದರೆ ಮೈಕ್ ಇಡುವಾಗ ಮೊಣಕಾಲೂರಿ, ಒಂದು ಗೇಣು ಹಿಂದೆ, ಸ್ವಲ್ಪ ಓರೆ, ಮತ್ತೆ ಕೇಳಿ, ಮತ್ತೆ ಸರಿಸಿ, ಸರಿಯಾಗಿಯೇ ಇಟ್ಟ. ಬರುತ್ತದೆ ಅವನಿಗೆ, ಬೇರೆ ದಿನಗಳಲ್ಲಿ ಮಾಡುವುದಿಲ್ಲ, ಅಷ್ಟೇ. ಮೌಸಿನಲ್ಲಿ ಆಗುವುದಕ್ಕೆ ಮೊಣಕಾಲು ಯಾಕೆ ಊರಬೇಕು ಎಂಬ ಸೋಮಾರಿತನ.

ಅರ್ಧ ಶಟರ್ ಎಳೆದೆವು. ಮೆಟ್ರೋ ಒಂದು ಹೋಗಿ ಇನ್ನೊಂದು ಬರುವ ನಡುವೆ ಹಾಡು ಮುಗಿಯಬೇಕು. ಮೊದಲ ಸಲ ಅರ್ಧಕ್ಕೆ ರೈಲು ಬಂತು, ಗಾಜಿನ ಕಪಾಟು ಗುಂಯ್ ಎಂದಿತು. ಎರಡನೇ ಸಲ ಹಾಡು ಮೇಲೇರುತ್ತಿದ್ದಾಗ ಶಟರ್ ಕೆಳಗಿನಿಂದ ಒಂದು ತಲೆ ತೂರಿತು: "ಅಂಕಲ್, ಗಿಟಾರ್ ಸ್ಟ್ರಿಂಗ್ ಇದ್ಯಾ?" ಕಣ್ಣಿನಿಂದಲೇ ಅವನನ್ನು ಕೊಂದೆ. ಮೂರನೇ ಸಲ ಯಾರೂ ಬರಲಿಲ್ಲ. ಅವಳು ಕರಿ ನಾಲ್ಕರ ಮೇಲೆ ಬೆರಳೂರಿ, ಕಣ್ಣು ಮುಚ್ಚಿ, ಮಧ್ಯಮದಿಂದ ಗಾಂಧಾರಕ್ಕೆ ಜಾರಿದಳು. ಮೆಟ್ಟಿಲಿರಲಿಲ್ಲ.

ಜಗಳ ಶುರುವಾದದ್ದು ಆಮೇಲೆ. ಹುಡುಗ ಹೇಳಿದ್ದರಲ್ಲಿ ಹುರುಳಿರಲಿಲ್ಲ ಎನ್ನುವಂತಿರಲಿಲ್ಲ.

"ಅಂಕಲ್, ಸ್ಕೂಲ್ನೋರು ಕ್ಲಿಯರ್ ಆಗಿ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಬೇಕು ಅಂದಿದಾರೆ. ಬರೀ ಹಾರ್ಮೋನಿಯಂ ಕಳ್ಸಿದ್ರೆ ಓಪನ್ ಮಾಡಿ ಕ್ಲೋಸ್ ಮಾಡ್ತಾರೆ. ನಿನ್ನೆದು ಮಿಕ್ಸ್ ಮಾಡಿದೀನಿ, ಅಷ್ಟೇನ್ ಕೆಟ್ಟದಾಗಿಲ್ಲ. ಮೇಡಂ ಲೈಫ್ ಪ್ರಶ್ನೆ ಇದು."

ಅವಳು ಎರಡನ್ನೂ ಮೊಬೈಲಿನಲ್ಲಿ ಹಾಕಿಸಿಕೊಂಡು, ಶಟರಿನ ಹತ್ತಿರ ನಿಂತು, ಒಂದಾದ ಮೇಲೊಂದು ಕೇಳಿದಳು. ಒಂದರಲ್ಲಿ ದಿಬ್ಬಣ, ನಡುವೆ ನೆಗಡಿಯಾದ ಮಾವನವರು. ಇನ್ನೊಂದರಲ್ಲಿ ಅವಳು. ನಾನು ಬಾಯಿ ಹಾಕದೆ ಇರುವ ಮನುಷ್ಯನಲ್ಲ. "ನೋಡಮ್ಮ, ಕಲ್ಲಂಗಡಿ ಮಾರೋನು ಹಣ್ಣಿಗೆ ಬಣ್ಣ ಬಳಿಯಲ್ಲ. ಒಂದು ಹೋಳು ಕೊಯ್ದು ಮುಂದೆ ಇಡ್ತಾನೆ. ಕೊಳ್ಳೋನು ಕೆಂಪು ನೋಡಿ ಕೊಳ್ತಾನೆ," ಎಂದೆ.

"ಕೇಳಿದ್ದು ಕೊಡಲಿಲ್ಲಾಂದ್ರ ಸಿಟ್ಟಾಗಂಗಿಲ್ಲೇನ್ರಿ ಅವರು?"

"ಆಗಬಹುದು," ಎಂದೆ. ಸುಳ್ಳು ಹೇಳಿ ವ್ಯಾಪಾರ ಕುದುರಿಸುವ ಜಾಗ ಅದಾಗಿರಲಿಲ್ಲ.

ಅವಳು ಮತ್ತೊಮ್ಮೆ ಮೊದಲನೆಯದನ್ನು ಕೇಳಿದಳು. ನಂತರ ಹುಡುಗನ ಕಡೆ ತಿರುಗಿ, "ಸರ, ಈ ಗಂಡಸಿನ ದನಿ ಕೇಳಿ ಅವರು ನನಗ ನೌಕರಿ ಕೊಟ್ರಂದ್ರ, ನಾಳೆ ಶಾಲ್ಯಾಗ ಹೋಗಿ ಹಾಡೋರು ಯಾರ್ರೀ? ನೀವು ಬರ್ತೀರೇನು?" ಎಂದಳು.

ಹುಡುಗ ಮೈಕಿನ ವೈರು ಸುತ್ತತೊಡಗಿದ. "ಸರಿ ಮೇಡಂ, ಆದ್ರೆ ಸ್ವಲ್ಪ ರಿವರ್ಬ್ ಆದ್ರೂ ಹಾಕ್ತೀನಿ," ಎಂದ.

"ಚರ್ಚಾ?" ಎಂದೆ.

"ಇಲ್ಲ ಅಂಕಲ್, ಚಿಕ್ಕ ರೂಮು."

"ಒಂದು ಚಿಟಿಕಿ ಹಾಕ್ರಿ," ಎಂದಳು ಅವಳು, "ಒಗ್ಗರಣಿ ಬ್ಯಾಡ್ರಿ."

ಅಂಗಡಿಯಿಂದಲೇ ಕಳಿಸಿದಳು. ಕಳಿಸಿದ ಮೇಲೆ ದುಪಟ್ಟಾವನ್ನು ಕೊರಳಿಗೆ ಬಿಗಿಯಾಗಿ ಸುತ್ತಿಕೊಂಡು, ಮರುದಿನ ಮತ್ತೆ ಕೌಂಟರಿನಲ್ಲಿ ಕೂರಬೇಕಲ್ಲ ಎಂದು ಬಿಟಿಎಂ ಬಸ್ಸು ಹತ್ತಿದಳು.

ಒಂದು ವಾರ ಸುದ್ದಿಯಿರಲಿಲ್ಲ. ಹುಡುಗ ನನ್ನ ಕಡೆ 'ನಾನ್ ಹೇಳಿರ್ಲಿಲ್ವಾ' ಎಂಬ ಮುಖ ಮಾಡಿಕೊಂಡು ಮಹಡಿ ಹತ್ತುತ್ತಿದ್ದ. ಆಮೇಲೆ ಒಂದು ಸಂಜೆ ಅವಳ ಫೋನು. ಸಂದರ್ಶನವೂ ಆಗಿ ಕೆಲಸ ಸಿಕ್ಕಿತ್ತು. ಹುಡುಗನೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದೆ.

"ಅಣ್ಣಾರ, ಆ ಹೆಡ್ ಮೇಡಂ ಏನಂದ್ರು ಗೊತ್ತೇನ್ರಿ? ಬಂದಿದ್ದ ಹಾಡಿನಾಗ ಭಾಳಷ್ಟರಾಗ ಒಂದೇ ಕೊಳಲಂತ್ರಿ! ಅದೇ ರಾಗ, ಅದೇ ತುಣುಕು. ಕೇಳಿ ಕೇಳಿ, ಎಲ್ಲಾರ ಮನ್ಯಾಗೂ ಒಬ್ಬನೇ ಕೊಳಲಿನಾಂವ ಹೋಗಿ ಬಂದಾನೇನೋ ಅನಿಸ್ತಂತ. ನಂದ್ರಾಗ ಅಷ್ಟೇ ಹಾಡೋರ ದನಿ ಏನಂತ ತಿಳೀತಂತ."

ನಾನು ಹುಡುಗನ ಕಡೆ ನೋಡಿದೆ. ಶನಿವಾರ ಇಲಿಮರಿಯಂತೆ ಕಿರುಚಿದ್ದ ಅದೇ ಕೊಳಲು ಅವನಿಗೂ ನೆನಪಾಗಿತ್ತು. ಮುಖ ನೋಡಿದರೆ ತಿಳಿಯುತ್ತಿತ್ತು. ಈಗಲಾದರೂ ಬುದ್ಧಿ ಬಂದೀತು ಎಂದು ಕಾದೆ.

"ನೋಡಿದ್ರಾ ಅಂಕಲ್," ಎಂದ, ಗೆದ್ದವನ ಹಾಗೆ, "ಎಲ್ರೂ ಅದನ್ನೇ ಯೂಸ್ ಮಾಡ್ತಾರೆ. ಇಂಡಸ್ಟ್ರಿ ಸ್ಟ್ಯಾಂಡರ್ಡ್ ಅದು!"

ಇವರಿಗೆ ಏನು ಹೇಳುತ್ತೀರಿ? ಈಗ ಬುಕಿಂಗ್ ಫೋನು ಬಂದರೆ 'ಕರೀನಾ, ಮನೇನಾ?' ಎಂದು ಕೇಳುತ್ತಾನೆ, ಅಷ್ಟು ಮಾತ್ರ ಸುಧಾರಣೆ. ಟೇಪಿನ ಧೂಳು ಮಾರುವವರ ಮೆಸೇಜು ಬಂದಾಗ ಟಿಂಗ್ ಎನ್ನುವುದು ನಿಂತಿಲ್ಲ.

ಶಾಲೆ ತೆರೆಯುವ ಮೊದಲು ಅವಳು ಅಂಗಡಿಗೆ ಬಂದಳು, ಗಂಡನ ಜೊತೆ. ಶಾಲೆಗೆ ಒಂದು ಪೇಟಿ ಬೇಕು, ಟೀಚರೇ ಆರಿಸಿ ತರಲಿ ಎಂದಿದ್ದರಂತೆ. ಇದನ್ನು ಹೇಳಿದ್ದು ಗಂಡ. ಕೌಂಟರ್ ಬಿಟ್ಟ ದಿನದಿಂದ ಗಂಟಲಿಗೆ ಪೂರ್ತಿ ವಿಶ್ರಾಂತಿ ಎಂದು ಡಾಕ್ಟರು ಹೇಳಿದ್ದಾರೆ, ಪಾಠ ಶುರುವಾಗುವವರೆಗೆ ಒಂದು ಮಾತೂ ಆಡುವ ಹಾಗಿಲ್ಲ ಎಂದ. ಅವಳು ನಕ್ಕು ಕೈಮುಗಿದಳು. ರೆಕಾರ್ಡಿಂಗಿಗೆ ಕೊಟ್ಟಿದ್ದ ಅದೇ ಹಾರ್ಮೋನಿಯಂ ಮುಂದೆ ಕೂತಳು. ಕರಿ ನಾಲ್ಕರ ಮೇಲೆ ಬೆರಳಿಟ್ಟು ತಿದಿ ಒತ್ತಿದಳು.

ನಾನು ಬೆಲೆ ಹೇಳಿದೆ. ಅವಳು ತಿದಿ ಒತ್ತಿದಳು.

ಶಾಲೆಗೆಂದರೆ ಸ್ವಲ್ಪ ಬಿಡುತ್ತೇನೆ ಎಂದೆ. ಅವಳು ಬೆರಳು ತೆಗೆಯದೆ, ತಲೆಯನ್ನು ಒಂದಿಷ್ಟು ಓರೆ ಮಾಡಿ ಸ್ವರ ಕೇಳುತ್ತಿದ್ದಳು. ಬಾಯಿ ಬಿಡಲಿಲ್ಲ. ಮೆಟ್ರೋ ಹೋಯಿತು, ಕಪಾಟು ಗುಂಯ್ ಎಂದಿತು, ಸ್ವರ ನಿಂತಲ್ಲೇ ನಿಂತಿತ್ತು. ನಾನು ಇನ್ನೂ ಸ್ವಲ್ಪ ಇಳಿಸಿದೆ. ಗವಸು ಫ್ರೀ ಎಂದೆ. ಆಗ ತಿದಿ ನಿಲ್ಲಿಸಿ, ಗಂಡನಿಗೆ ಎತ್ತಿಕೋ ಎಂದು ಕಣ್ಸನ್ನೆ ಮಾಡಿದಳು.